ಕಪ್ಪತಗುಡ್ಡದ ಬಂಗಾರ: ಮರಿಗೆಯೋ, ಯಂತ್ರವೋ?

ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಗದಗಿನಿಂದ ದಕ್ಷಿಣಕ್ಕೆ ಹೊರಟವರಿಗೆ ಎರಡು ಬಗೆಯ ನೆಲ ಎದುರಾಗುತ್ತದೆ. ರಸ್ತೆಯ ಒಂದು ಬದಿಗೆ ಹತ್ತಿ, ಜೋಳ, ಕಡಲೆಗಳನ್ನು ಬೆಳೆಯುವ ಎರೆಭೂಮಿಯ ಕಪ್ಪು. ಇನ್ನೊಂದು ಬದಿಗೆ ಕಪ್ಪತಗುಡ್ಡದ ಸಾಲಿನಿಂದ ಇಳಿದು ಬಂದ ಮಸಾರಿಯ ಕೆಂಪು. ಗದಗಿನ ಬಳಿಯಿಂದ ಆರಂಭವಾಗುವ ಈ ಗುಡ್ಡದ ಸಾಲು ಶಿರಹಟ್ಟಿ, ಮುಂಡರಗಿ ತಾಲೂಕುಗಳ ಮೈಮೇಲೆ ಹಾಯ್ದು ತುಂಗಭದ್ರೆಯ ದಿಕ್ಕಿಗೆ ಸಾಗುತ್ತದೆ. ಎಪ್ಪತ್ತು ಗಿರಿ ಸುತ್ತುವುದಕ್ಕಿಂತ ಕಪ್ಪತಗಿರಿ ನೋಡುವುದು ಮೇಲೆಂದು ಈ ಭಾಗದ ಜನ ಹೇಳುತ್ತಾರೆ. ಗುಡ್ಡದ ಔಷಧಿಯ ಗಿಡಗಳನ್ನೂ ಕಪ್ಪತ ಮಲ್ಲಯ್ಯನ ಸನ್ನಿಧಿಯನ್ನೂ ನೆನೆದು ಹೇಳುವ ಮಾತು ಅದು. ಆದರೆ ಆ ಮಾತಿನ ಹಿಂದೆ ಇನ್ನೊಂದು ಪಿಸುಮಾತೂ ಉಂಟು: ಗುಡ್ಡದ ಹೊಟ್ಟೆಯಲ್ಲಿ ಬಂಗಾರವಿದೆ.

ಈ ಪಿಸುಮಾತು ಸುಳ್ಳಲ್ಲ. ನೂರಾರು ವರ್ಷಗಳಿಂದ ಇಲ್ಲಿಯ ಹಳ್ಳಗಳ ಮರಳನ್ನು ತೊಳೆದು ಬಂಗಾರದ ಕಣಗಳನ್ನು ಆಯ್ದವರಿದ್ದಾರೆ. ನಿಜವಾದ ಮಾತೇ ಆದುದರಿಂದ ಅದು ಸಾಯುವುದೂ ಇಲ್ಲ. ಪ್ರತಿ ತಲೆಮಾರಿನಲ್ಲಿಯೂ ಹೊಸ ರೂಪ ತಾಳಿ ಬರುತ್ತದೆ. ಈ ಕಾಲದಲ್ಲಿ ಅದು ತಾಳಿರುವ ರೂಪ ಲೋಹಶೋಧಕ ಯಂತ್ರದ್ದು. ಒಂದು ಕೋಲು, ಅದರ ತುದಿಗೆ ಊಟದ ತಟ್ಟೆಯಷ್ಟು ಅಗಲದ ಒಂದು ಬಳೆ, ಹಿಡಿಕೆಯ ಬಳಿ ಒಂದು ಪುಟ್ಟ ಪರದೆ, ಕಿವಿಗೆ ಒಂದು ಜೊತೆ ಹೆಡ್‌ಫೋನು. ಕಡಲ ದಂಡೆಯಲ್ಲಿ ಕಳೆದುಹೋದ ಉಂಗುರ, ನಾಣ್ಯಗಳನ್ನು ಹುಡುಕುವುದಕ್ಕೆಂದೇ ಪರದೇಶದಲ್ಲಿ ಮಾಡುವ ಹೊಸ ಬಗೆಯ ಯಂತ್ರಗಳು ಇವು. ಒಳ್ಳೆಯದೊಂದಕ್ಕೆ ಲಕ್ಷ ರೂಪಾಯಿಗೂ ಮೇಲ್ಪಟ್ಟು ಬೆಲೆ ಬೀಳುತ್ತದೆ. ಇಂತಹುದನ್ನು ಒಮ್ಮೆ ತರಿಸಿ ಕಪ್ಪತಗುಡ್ಡದ ಹಳ್ಳಗಳಲ್ಲಿ ಆಡಿಸಿದರೆ ಏನಾದೀತು? ಕಡಲಿಲ್ಲದ ನಾಡಿನಲ್ಲಿ ಕಡಲ ಯಂತ್ರಕ್ಕೆ ಕೆಲಸವುಂಟೇ? ಉತ್ತರವನ್ನು ಹುಡುಕಬೇಕಾದರೆ ಯಂತ್ರಕ್ಕಿಂತ ಮೊದಲು ಹಳ್ಳವನ್ನು ನೋಡಬೇಕು.

ಗದಗಿನಿಂದ ಹನ್ನೆರಡು ಕಿಲೋಮೀಟರಿನ ಅಳತೆಯಲ್ಲಿರುವ ಲಕ್ಕುಂಡಿ ಹಿಂದೆ ಲೊಕ್ಕಿಗುಂಡಿಯಾಗಿತ್ತು. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಇಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ಈ ಊರಿನ ಟಂಕಸಾಲೆಯಲ್ಲಿ ಅಚ್ಚಾದ ಬಂಗಾರದ ನಾಣ್ಯಕ್ಕೆ ಲೊಕ್ಕಿಗದ್ಯಾಣವೆಂಬ ಹೆಸರು ಶಾಸನಗಳಲ್ಲಿ ಬರುತ್ತದೆ. ಟಂಕಸಾಲೆಯ ಬಂಗಾರವೆಲ್ಲ ಕಪ್ಪತಗುಡ್ಡದ್ದೇ ಎಂದು ಹೇಳುವುದಕ್ಕೆ ಆಧಾರ ಸಾಲದು. ಆದರೂ ಬಂಗಾರದ ಗುಡ್ಡವೂ ಬಂಗಾರದ ನಾಣ್ಯದ ಊರೂ ಒಂದು ದಿನದ ನಡಿಗೆಯೊಳಗೆ ಇದ್ದುದು ಜನರ ಕಲ್ಪನೆಗೆ ಸಾಕಷ್ಟು ಆಹಾರವಾಯಿತು.

ಹಳ್ಳದ ಬಂಗಾರವನ್ನು ಆಯ್ದವರು ಜಲಗಾರರು. ಊರಿನಲ್ಲಿ ಅಕ್ಕಸಾಲಿಗರ ಅಂಗಡಿಯ ಕಸವನ್ನೂ ಬೂದಿಯನ್ನೂ ತೊಳೆದು ಬಂಗಾರದ ಪುಡಿ ತೆಗೆಯುವ ಕಸುಬು ಅವರದು. ಮಳೆಗಾಲದಲ್ಲಿ ಅವರಲ್ಲಿ ಕೆಲವರು ಗುಡ್ಡದ ಬುಡಕ್ಕೆ ಹೋಗುತ್ತಿದ್ದರು. ಪೂರ್ವದ ಮಗ್ಗುಲಿಗೆ ಡೋಣಿಯ ಹಳ್ಳ, ಪಶ್ಚಿಮದ ಮಗ್ಗುಲಿಗೆ ಸೊರಟೂರಿನ ಹಳ್ಳ, ಇವೆರಡೂ ಬಂಗಾರದ ಹಳ್ಳಗಳೆಂದು ಹೆಸರಾಗಿದ್ದವು. ಸೊರಟೂರು ಚರಿತ್ರೆಯಲ್ಲಿಯೂ ಸಣ್ಣ ಊರಲ್ಲ. 1190ರ ಸುಮಾರಿಗೆ ಹೊಯ್ಸಳ ಇಮ್ಮಡಿ ಬಲ್ಲಾಳನು ಸೇವುಣರ ಭಿಲ್ಲಮನನ್ನು ಸೋಲಿಸಿದ ರಣಭೂಮಿ ಅದು. ಜಲಗಾರನಿಗೆ ಮಾತ್ರ ಆ ಊರಿನ ಬೆಲೆಯೆಲ್ಲ ಹಳ್ಳದ ತಿರುವುಗಳಲ್ಲಿ ಇತ್ತು.

ಜಲಗಾರನ ಉಪಕರಣಗಳು ಸರಳವಾದವು. ಒಂದು ಗುದ್ದಲಿ, ಒಂದು ಮರದ ಮರಿಗೆ, ಒಂದಿಷ್ಟು ಪಾದರಸ. ಪ್ರವಾಹ ಇಳಿದ ಮೇಲೆ ನೀರಿನ ಓಟ ಎಲ್ಲಿ ಮಂದವಾಯಿತೆಂಬುದನ್ನು ಅವನು ಕಣ್ಣಿನಿಂದಲೇ ಅಳೆದು, ಅಲ್ಲಿಯ ಮಣ್ಣನ್ನು ಮರಿಗೆಗೆ ತುಂಬುತ್ತಿದ್ದನು. ನೀರು ಹೊಯ್ದು, ಕೈಯಾಡಿಸಿ, ದೊಡ್ಡ ಕಲ್ಲುಗಳನ್ನು ಎಸೆದು, ಹಗುರಾದ ಮಣ್ಣು ನೀರಿನೊಡನೆ ಹರಿದುಹೋಗುವಂತೆ ಮರಿಗೆಯನ್ನು ಮೆಲ್ಲಗೆ ತೂಗುತ್ತಿದ್ದನು. ಕೊನೆಗೆ ತಳದಲ್ಲಿ ಉಳಿಯುವುದು ಕಾಡಿಗೆಯಂತಹ ಕಪ್ಪು ಮರಳು. ಆ ಕಪ್ಪಿನ ಅಂಚಿನಲ್ಲಿ ಅದೃಷ್ಟವಿದ್ದರೆ ಒಂದೆರಡು ಹಳದಿಯ ಕಣ. ಪಾದರಸ ಸೇರಿಸಿ ತಿಕ್ಕಿದರೆ ಬಂಗಾರ ಅದಕ್ಕೆ ಅಂಟಿಕೊಳ್ಳುತ್ತದೆ. ಕಾಯಿಸಿದರೆ ಪಾದರಸ ಆವಿಯಾಗಿ ಬಂಗಾರ ಉಳಿಯುತ್ತದೆ. ಆ ಆವಿ ಉಸಿರಿಗೆ ವಿಷವೆಂಬುದು ಇಂದು ಎಲ್ಲರಿಗೂ ತಿಳಿದ ಸಂಗತಿ. ಅಂದಿನ ಜಲಗಾರನು ಅದರ ಬೆಲೆಯನ್ನು ಲೆಕ್ಕಕ್ಕೆ ಹಿಡಿಯದೆ ತೆತ್ತನು.

ಈ ಕೆಲಸವೆಲ್ಲ ನಡೆಯುವುದು ತೂಕದ ಬಲದ ಮೇಲೆ. ನೀರಿಗಿಂತ ಬೆಣಚುಕಲ್ಲು ಎರಡೂವರೆ ಪಟ್ಟಿಗೂ ಸ್ವಲ್ಪ ಹೆಚ್ಚು ಭಾರ. ಕಪ್ಪು ಮರಳಿನ ಕಬ್ಬಿಣದ ಖನಿಜ ಐದು ಪಟ್ಟಿಗೂ ಹೆಚ್ಚು. ಬಂಗಾರ ಹತ್ತೊಂಬತ್ತು ಪಟ್ಟಿಗೂ ಹೆಚ್ಚು. ಭಾರವಾದುದು ಭಾರವಾದುದರ ಜೊತೆಗೇ ನಿಲ್ಲುತ್ತದೆ. ಆದುದರಿಂದ ಕಪ್ಪು ಮರಳು ಕಂಡಲ್ಲಿ ಜಲಗಾರನ ಕೈ ಚುರುಕಾಗುತ್ತಿತ್ತು. ಅವನಿಗೆ ಅದು ದಾರಿ ತೋರಿಸುವ ಗೆಳೆಯ.

ಹಳ್ಳದ ಪುಡಿ ಬಂಗಾರವನ್ನು ಕಂಡವರೆಲ್ಲರೂ ಕೇಳಿದ ಪ್ರಶ್ನೆ ಒಂದೇ: ಇದು ಎಲ್ಲಿಂದ ಬಂತು? 1839ರ ಸುಮಾರಿಗೆ ಕ್ಯಾಪ್ಟನ್ ನ್ಯೂಬೋಲ್ಡ್ ಎಂಬ ಸೈನ್ಯಾಧಿಕಾರಿ ಈ ಗುಡ್ಡವನ್ನು ಸುತ್ತಿ ಬಂಗಾರದ ನೆಲದ ವಿಷಯ ಬರೆದನು. ಅವನ ತರುವಾಯ ಬಂದವನು ರಾಬರ್ಟ್ ಬ್ರೂಸ್ ಫೂಟ್. ಭಾರತದ ಶಿಲಾಯುಗದ ಅಧ್ಯಯನಕ್ಕೆ ಬುನಾದಿ ಹಾಕಿದ ಈ ಭೂವಿಜ್ಞಾನಿ 1874ರಲ್ಲಿ ಡಂಬಳದ ಗುಡ್ಡಗಳ ಬಂಗಾರದ ಶಿಲೆಗಳನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದನು. ಅವನು ನೋಡಿದ ಬಂಗಾರ ನಿಜವಾದುದೇ. ಆದರೆ ಅದರ ಪ್ರಮಾಣ ಜಲಗಾರನ ಹೊಟ್ಟೆ ತುಂಬಿಸುವುದಕ್ಕೂ ಕಷ್ಟವಾಗುವಷ್ಟು ಕಡಿಮೆಯಾಗಿತ್ತು.

ತಜ್ಞನ ಎಚ್ಚರಿಕೆಯ ಮಾತಿಗಿಂತ ಬಂಗಾರವೆಂಬ ಶಬ್ದದ ಸದ್ದು ದೊಡ್ಡದು. ಕೋಲಾರದ ಗಣಿಗಳು ಲಾಭದ ಮೇಲೆ ಲಾಭ ತೋರಿಸುತ್ತಿದ್ದ ಕಾಲ. ಇಪ್ಪತ್ತನೆಯ ಶತಮಾನ ಕಾಲಿಡುತ್ತಿದ್ದಂತೆ ಇಂಗ್ಲಿಷ್ ಬಂಡವಾಳದ ಕಂಪನಿಗಳು ಕಪ್ಪತಗುಡ್ಡಕ್ಕೆ ಬಂದವು. ಕಬಲಾಯತಕಟ್ಟಿ, ಹೊಸೂರು ಮುಂತಾದೆಡೆಗಳಲ್ಲಿ ಬಾವಿಗಳಂತಹ ಗಣಿಗಳು ಇಳಿದವು. ಬೆಣಚುಕಲ್ಲನ್ನು ಕುಟ್ಟುವ ಗಿರಣಿಗಳು ಸದ್ದು ಮಾಡಿದವು. ಶಿರಹಟ್ಟಿ ಆಗ ಸಾಂಗಲಿ ಸಂಸ್ಥಾನಕ್ಕೂ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಹೀಗಾಗಿ ಗುಡ್ಡದ ಗಣಿಗಳಲ್ಲೊಂದು ಸಾಂಗಲಿಯ ಹೆಸರನ್ನೇ ಹೊತ್ತಿತ್ತು. ಹತ್ತು ವರ್ಷಗಳೊಳಗೆ ಉತ್ಸಾಹ ಆರಿತು. 1911ರ ಸುಮಾರಿಗೆ ಕೆಲಸ ನಿಂತಿತು. ಅದಿರಿನಿಂದ ಬರುವ ಬಂಗಾರ ಅದನ್ನು ತೆಗೆಯುವ ವೆಚ್ಚಕ್ಕೆ ಸರಿದೂಗಲಿಲ್ಲ. ದೂರದ ಲಂಡನ್ನಿನಲ್ಲಿ ಷೇರು ಕೊಂಡವರು ಹಣ ಕಳೆದುಕೊಂಡರು. ಇಲ್ಲಿಯವರಿಗೆ ಉಳಿದದ್ದು ಗಣಿಯ ಬಾಯಿಗಳು, ಕಲ್ಲುಪುಡಿಯ ರಾಶಿಗಳು, ಮತ್ತೆ ಅದೇ ಪಿಸುಮಾತು.

ಈ ಚರಿತ್ರೆ ತಿಳಿದವರು ಹೊಸ ಯಂತ್ರದ ಮಾತು ಬಂದಾಗ ಸುಮ್ಮನೆ ನಗುವುದರಲ್ಲಿ ಆಶ್ಚರ್ಯವಿಲ್ಲ. ಆದರೂ ಯಂತ್ರಕ್ಕೆ ನ್ಯಾಯವಾಗಿ ಸಲ್ಲಬೇಕಾದ ಗೌರವವನ್ನು ಕೊಡಬೇಕು.

1881ರ ಜುಲೈಯಲ್ಲಿ ಅಮೇರಿಕದ ಅಧ್ಯಕ್ಷ ಗಾರ್ಫೀಲ್ಡನ ಮೈಯಲ್ಲಿ ಗುಂಡು ಹೊಕ್ಕಿತು. ಅದು ಎಲ್ಲಿದೆಯೆಂದು ವೈದ್ಯರಿಗೆ ತಿಳಿಯದಾದಾಗ ಟೆಲಿಫೋನನ್ನು ನಿರ್ಮಿಸಿದ ಗ್ರಹಾಂ ಬೆಲ್ಲನು ಲೋಹವನ್ನು ಕಂಡುಹಿಡಿಯುವ ಒಂದು ಸಲಕರಣೆಯನ್ನು ಕೈಗೊಂಡು ಧಾವಿಸಿದನು. ಪ್ರಯೋಗಶಾಲೆಯಲ್ಲಿ ಸರಿಯಾಗಿ ನುಡಿದ ಸಲಕರಣೆ ರೋಗಿಯ ಬಳಿ ತಪ್ಪಿತು. ಹಾಸಿಗೆಯೊಳಗಿನ ಲೋಹದ ಸ್ಪ್ರಿಂಗುಗಳು ಅದನ್ನು ದಾರಿ ತಪ್ಪಿಸಿದವೆಂದು ಹೇಳುತ್ತಾರೆ. ಅಧ್ಯಕ್ಷನು ಸೆಪ್ಟೆಂಬರಿನಲ್ಲಿ ತೀರಿಕೊಂಡನು. ಮುಂದೆ 1930ರ ದಶಕದಲ್ಲಿ ಗೆರ್ಹಾರ್ಡ್ ಫಿಷರ್ ಎಂಬವನು ಕೈಯಲ್ಲಿ ಹಿಡಿದು ನಡೆಯಬಹುದಾದ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಕೊಸಾಟ್ಸ್ಕಿ ರಚಿಸಿದ ಯಂತ್ರ ಮರುಭೂಮಿಯ ಮರಳಿನಲ್ಲಿ ಹೂತ ನೆಲಬಾಂಬುಗಳನ್ನು ಹುಡುಕಿ ಸೈನಿಕರ ಪ್ರಾಣ ಉಳಿಸಿತು. 1980ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದಲ್ಲಿ ಲೋಹಶೋಧಕ ಹಿಡಿದು ನಡೆದವನೊಬ್ಬನಿಗೆ 27 ಕಿಲೋಗ್ರಾಮಿಗೂ ಹೆಚ್ಚು ತೂಕದ ಬಂಗಾರದ ಗಟ್ಟಿ ಸಿಕ್ಕಿತು. ಯಂತ್ರ ಹುಸಿಯಲ್ಲವೆಂಬುದಕ್ಕೆ ಇಷ್ಟು ಸಾಕು.

ಅದು ಕೆಲಸ ಮಾಡುವ ಬಗೆಯೂ ಮಂತ್ರವಲ್ಲ. ತುದಿಯ ಬಳೆಯೊಳಗಿನ ತಂತಿಯ ಸುರುಳಿಯಲ್ಲಿ ದಿಕ್ಕು ಬದಲಿಸುತ್ತಿರುವ ವಿದ್ಯುತ್ತು ಹರಿಯುತ್ತದೆ. ಅದರಿಂದ ನೆಲದೊಳಕ್ಕೆ ಕಾಂತಕ್ಷೇತ್ರವೊಂದು ಹಬ್ಬುತ್ತದೆ. ಆ ಕ್ಷೇತ್ರದೊಳಗೆ ಲೋಹವಿದ್ದರೆ ಅದರ ಮೈಯಲ್ಲಿ ಸಣ್ಣ ಸುಳಿಪ್ರವಾಹಗಳು ಏಳುತ್ತವೆ. ಅವುಗಳ ಪ್ರತಿಧ್ವನಿಯನ್ನು ಇನ್ನೊಂದು ಸುರುಳಿ ಹಿಡಿದು ಕಿವಿಗೆ ಮುಟ್ಟಿಸುತ್ತದೆ. ಸಾಧಾರಣ ನಾಣ್ಯವೊಂದು ಸುಮಾರು ಒಂದು ಅಡಿಯೊಳಗೆ ಇದ್ದರೆ ಗೊತ್ತಾಗುತ್ತದೆ. ಅದಕ್ಕಿಂತ ಆಳಕ್ಕೆ ಹೋದಂತೆ ಸದ್ದು ಅಡಗುತ್ತದೆ.

ತೊಡಕು ಇರುವುದು ನೆಲದಲ್ಲಿ. ಕಡಲ ದಂಡೆಯ ಒದ್ದೆ ಮರಳಿನಲ್ಲಿ ಉಪ್ಪಿದೆ. ಉಪ್ಪುನೀರು ವಿದ್ಯುತ್ತನ್ನು ಹರಿಯಗೊಡುವುದರಿಂದ ಮರಳೇ ಲೋಹದಂತೆ ಕೂಗುತ್ತದೆ. ಕಪ್ಪು ಮರಳಿನಲ್ಲಿ ಕಬ್ಬಿಣದ ಖನಿಜವಿದೆ. ಅದು ಬೇರೊಂದು ರೀತಿಯಲ್ಲಿ ಕಾಂತಕ್ಷೇತ್ರವನ್ನು ಕದಡುತ್ತದೆ. ಒಂದೇ ಕಂಪನಾಂಕದಲ್ಲಿ ನಡೆಯುವ ಹಳೆಯ ಯಂತ್ರವನ್ನು ಉಪ್ಪಿಗೆ ಹೊಂದಿಸಿದರೆ ಕಪ್ಪು ಮರಳು ಕಾಡುತ್ತದೆ. ಕಪ್ಪು ಮರಳಿಗೆ ಹೊಂದಿಸಿದರೆ ಉಪ್ಪು ಕಾಡುತ್ತದೆ. ಹೊಸ ಯಂತ್ರಗಳು ಏಕಕಾಲದಲ್ಲಿ ಹಲವು ಕಂಪನಾಂಕಗಳನ್ನು ಹೊರಡಿಸಿ, ಬಂದ ಉತ್ತರಗಳನ್ನು ತಾಳೆ ನೋಡಿ, ಉಪ್ಪನ್ನೂ ಕಬ್ಬಿಣದ ಮರಳನ್ನೂ ಬದಿಗೆ ಸರಿಸುತ್ತವೆಯೆಂದು ಮಾರುವವರು ಹೇಳುತ್ತಾರೆ. ಇದು ಬಹುಮಟ್ಟಿಗೆ ಸತ್ಯವೂ ಹೌದು. ಗೋಕರ್ಣದ ಸಮುದ್ರಸ್ನಾನದಲ್ಲಿ ಬೆರಳಿನಿಂದ ಜಾರಿದ ಉಂಗುರಕ್ಕೆ ಇಂತಹ ಯಂತ್ರ ಒಳ್ಳೆಯ ಗೆಳೆಯನಾದೀತು. ಅಲ್ಲಿಯೂ ಬಂಗಾರದ ತೆಳು ಉಂಗುರಕ್ಕೂ ಎಸೆದ ಅಲ್ಯೂಮಿನಿಯಮ್ ಹಾಳೆಗೂ ಅದರ ಕಿವಿ ಹೆಚ್ಚು ಭೇದ ಮಾಡದು. ಹತ್ತು ಬಾರಿ ಕಸ ಅಗೆದ ಮೇಲೆ ಹನ್ನೊಂದನೆಯ ಬಾರಿ ಉಂಗುರ.

ಈಗ ಆ ಯಂತ್ರವನ್ನು ಹೊತ್ತು ತರುಣನೊಬ್ಬನು ಡೋಣಿಯ ಹಳ್ಳಕ್ಕೆ ಬಂದನೆನ್ನಿ. ದಂಡೆಯ ಬೇವಿನ ಕಟ್ಟೆಯ ಮೇಲೆ ಒಬ್ಬ ಅಜ್ಜ ಕುಳಿತಿದ್ದಾನೆನ್ನಿ. ಮಾತು ಹೀಗೆ ನಡೆದೀತು:

“ಏನ್ ತಮ್ಮಾ, ಈ ಕೋಲು ಬಂಗಾರ ಇದ್ದಲ್ಲಿ ಕೂಗತದೇನು?”

“ಹೌದ್ರಿ ಅಜ್ಜಾರ, ಕೂಗತೈತ್ರಿ.”

“ಮತ್ತ ಕಬ್ಬಿಣ ಇದ್ದಲ್ಲಿ?”

“ಅಲ್ಲೂ ಒಮ್ಮೊಮ್ಮೆ ಕೂಗತೈತ್ರಿ.”

“ಹಂಗಾದ್ರ ಬಂಗಾರ ಯಾವುದು, ಕಬ್ಬಿಣ ಯಾವುದು ಅಂತ ತಿಳಿಯೂದು ನೀ ಅಗದ ಮ್ಯಾಲೇ ಅನ್ನು. ಗುದ್ದಲಿ ಅಂತೂ ತಪ್ಪಲಿಲ್ಲ.”

ಅಜ್ಜನ ಮಾತಿನಲ್ಲಿ ಭೌತವಿಜ್ಞಾನವೇ ಅಡಗಿದೆ. ಕಪ್ಪತಗುಡ್ಡದ ಮೈಯಲ್ಲಿ ಕಬ್ಬಿಣದ ಅದಿರಿನ ಪಟ್ಟೆಗಳು ಹಾಯ್ದಿವೆ. ಮಸಾರಿಯ ಕೆಂಪು ಕಬ್ಬಿಣದ ಕೆಂಪೇ. ಹಳ್ಳದ ಕಪ್ಪು ಕಬ್ಬಿಣದ ಕಪ್ಪೇ. ಜಲಗಾರನಿಗೆ ದಾರಿ ತೋರಿಸುತ್ತಿದ್ದ ಕಪ್ಪು ಮರಳು ಯಂತ್ರಕ್ಕೆ ದಾರಿ ತಪ್ಪಿಸುತ್ತದೆ. ಹೊಸ ಯಂತ್ರ ಆ ಗದ್ದಲವನ್ನು ಅಡಗಿಸಬಲ್ಲದೆಂದು ಒಪ್ಪಿದರೂ ಇನ್ನೊಂದು ಅಡ್ಡಿ ಉಳಿಯುತ್ತದೆ. ಇಲ್ಲಿಯ ಹಳ್ಳದ ಬಂಗಾರ ಆಸ್ಟ್ರೇಲಿಯಾದ ಗಟ್ಟಿಯಂತಹುದಲ್ಲ. ಸಾಸಿವೆಗಿಂತ ಸಣ್ಣ ಕಣ, ಹಿಟ್ಟಿನಂತಹ ಪುಡಿ. ಅಷ್ಟು ಸಣ್ಣ ಕಣದಲ್ಲಿ ಏಳುವ ಸುಳಿಪ್ರವಾಹ ಯಂತ್ರದ ಕಿವಿಗೆ ಮುಟ್ಟುವಷ್ಟು ಬಲವುಳ್ಳದ್ದಲ್ಲ. ಲಕ್ಷ ರೂಪಾಯಿಯ ಯಂತ್ರ ಸುಮ್ಮನೆ ದಾಟಿ ಹೋಗುವ ಮರಳಿನಲ್ಲಿ ಮರದ ಮರಿಗೆ ಹಳದಿ ತೋರಿಸಬಲ್ಲದು. ಲೋಹ ವಿದ್ಯುತ್ತಿಗೆ ಉತ್ತರ ಕೊಡಬೇಕಾದರೆ ಅದಕ್ಕೆ ಗಾತ್ರ ಬೇಕು. ತೂಕಕ್ಕೆ ಉತ್ತರ ಕೊಡುವುದಕ್ಕೆ ಕಣವೂ ಸಾಕು.

ಹಾಗಾದರೆ ಈ ಯಂತ್ರ ಈ ಸೀಮೆಯಲ್ಲಿ ಏನನ್ನು ಕೂಗಿ ಹೇಳೀತು? ನೇಗಿಲಿನ ಮುರಿದ ಕುಳ, ಎತ್ತಿನ ಲಾಳ, ಬಂಡಿಯ ಕೀಲು. ಮುಂಡರಗಿಯ ಭೀಮರಾಯ 1858ರಲ್ಲಿ ಬಂಡೆದ್ದು, ಡಂಬಳದ ಖಜಾನೆಯನ್ನು ವಶಪಡಿಸಿಕೊಂಡು, ಕೊಪ್ಪಳದ ಕೋಟೆಯಲ್ಲಿ ಕಾದಿ ಮಡಿದ ಕಥೆಯನ್ನು ಇಲ್ಲಿಯ ಮಕ್ಕಳೂ ಬಲ್ಲರು. ಅಂತಹ ಕಾಲದ ಒಂದು ಗುಂಡೋ ಕತ್ತಿಯ ಚೂರೋ ಎಲ್ಲಿಯಾದರೂ ಅಡಗಿದ್ದರೆ ಅದೂ ಕೂಗೀತು. ಇನ್ನು, ಅಪಾಯವಿರುವುದು ಇಲ್ಲಿಯೇ, ಹಳೆಯ ಗುಡಿಗಳ ಅಂಗಳದಲ್ಲಿಯೂ ಅದು ಕೂಗೀತು.

ಲಕ್ಷ್ಮೇಶ್ವರವೆಂಬ ಇಂದಿನ ತಾಲೂಕು ಕೇಂದ್ರ ಅಂದಿನ ಪುಲಿಗೆರೆ. ತಿರುಳ್ಗನ್ನಡದ ನಾಡಿನ ಎಲ್ಲೆಯನ್ನು ಗುರುತಿಸುವಾಗ ಕವಿರಾಜಮಾರ್ಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಅದೂ ಒಂದು. ಸೋಮೇಶ್ವರನ ಗುಡಿಯ ಆವರಣದಲ್ಲಿ ನಿಂತವರಿಗೆ ಕಲ್ಲಿನ ಮೇಲಿನ ಅಕ್ಷರಗಳೇ ಅಲ್ಲಿಯ ಸಂಪತ್ತೆಂಬುದು ತಿಳಿಯುತ್ತದೆ. ಬೆಟಗೇರಿಯ ವೀರಗಲ್ಲುಗಳು, ಡಂಬಳದ ದೊಡ್ಡಬಸಪ್ಪನ ಗುಡಿಯ ನಕ್ಷತ್ರದಂತಹ ತಳವಿನ್ಯಾಸ, ಗದಗಿನ ತ್ರಿಕೂಟೇಶ್ವರ, ಇವೆಲ್ಲ ಅಂತಹ ಸಂಪತ್ತೇ. ಆದರೆ ಇವುಗಳ ಬುಡದಲ್ಲಿ ಕೊಪ್ಪರಿಗೆ ಇದೆಯೆಂದು ನಂಬುವವರು ಇಲ್ಲಿಯೂ ಇದ್ದಾರೆ. ನಾಡಿನ ಎಷ್ಟೋ ಗುಡಿಗಳಲ್ಲಿ ನಿಧಿಗಳ್ಳರು ನಂದಿಯನ್ನು ಉರುಳಿಸಿದ್ದಾರೆ, ಪೀಠವನ್ನು ಕಿತ್ತಿದ್ದಾರೆ. ಹಿಂದೆ ಅವರ ಕೈಯಲ್ಲಿ ಅಂಜನವಿತ್ತು. ಈಗ ಯಂತ್ರ ಬಂದರೆ ಅಂಜನಕ್ಕಿಲ್ಲದ ವಿಜ್ಞಾನದ ಮೆರುಗು ಅದಕ್ಕೆ ಬರುತ್ತದೆ. ಯಂತ್ರ ಒಂದು ಸಲ ಕೂಗಿದರೆ ಸಾಕು, ಸಾವಿರ ವರ್ಷ ನಿಂತ ಕಲ್ಲು ಒಂದು ರಾತ್ರಿಯಲ್ಲಿ ಒಡೆದೀತು. ಕೂಗಿದ್ದು ತುಕ್ಕು ಹಿಡಿದ ಮೊಳೆಗೆಂಬುದು ಬೆಳಗಾದ ಮೇಲೆ ತಿಳಿದೀತು.

ಕಾಯಿದೆ ಈ ವಿಷಯದಲ್ಲಿ ಮೂಕವಾಗಿಲ್ಲ. ನೆಲದಡಿಯಲ್ಲಿ ದೊರೆತ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂಬ ನಿಯಮವನ್ನು 1878ರ ಕಾಯಿದೆಯೇ ಹಾಕಿತು. ಕರ್ನಾಟಕಕ್ಕೆ 1962ರ ಪ್ರತ್ಯೇಕ ಕಾಯಿದೆಯಿದೆ. ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಅಗೆಯುವಂತಿಲ್ಲವೆಂದು 1958ರ ಕಾಯಿದೆ ಹೇಳುತ್ತದೆ. ಇಂಗ್ಲೆಂಡಿನಲ್ಲಿ 2009ರಲ್ಲಿ ಲೋಹಶೋಧಕ ಹಿಡಿದವನೊಬ್ಬನಿಗೆ ಹೊಲದಲ್ಲಿ ಪ್ರಾಚೀನ ಬಂಗಾರದ ದೊಡ್ಡ ರಾಶಿಯೇ ಸಿಕ್ಕಿತು. ಅವನು ಅದನ್ನು ಅಧಿಕಾರಿಗಳಿಗೆ ತಿಳಿಸಿದ್ದರಿಂದ ಪುರಾತತ್ವಜ್ಞರು ಸ್ಥಳವನ್ನು ಕ್ರಮವಾಗಿ ಅಗೆದರು. ಆ ರಾಶಿ ಇಂದು ಸಂಗ್ರಹಾಲಯಗಳಲ್ಲಿದೆ. ಅದೇ ಯಂತ್ರ, ಅದೇ ಬಂಗಾರ. ಮುಚ್ಚಿಟ್ಟಿದ್ದರೆ ಅದು ಕರಗಿ ಬರಿಯ ತೂಕವಾಗುತ್ತಿತ್ತು, ತಿಳಿಸಿದ್ದರಿಂದ ಚರಿತ್ರೆಯಾಯಿತು.

ಗುಡ್ಡದ ಬಂಗಾರದ ಪ್ರಶ್ನೆಯೂ ಇತ್ತೀಚೆಗೆ ಇದೇ ಕವಲಿಗೆ ಬಂದು ನಿಂತಿತ್ತು. ಗಣಿಗಾರಿಕೆಯ ಹೊಸ ಪ್ರಸ್ತಾಪಗಳು ಎದ್ದಾಗ ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ಜನ ಗುಡ್ಡದ ಪರವಾಗಿ ನಿಂತರು. 2015ರಲ್ಲಿ ಕಪ್ಪತಗುಡ್ಡ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು; 2016ರಲ್ಲಿ ಆ ಘೋಷಣೆ ಹಿಂದಕ್ಕೆ ಹೋಯಿತು; ಚಳವಳಿ ನಡೆದು 2017ರಲ್ಲಿ ಮರಳಿ ಬಂದಿತು. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಮರುವರ್ಷ, 2019ರಲ್ಲಿ, ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿ ಧಾಮವಾಯಿತು. ಈಗ ಅಲ್ಲಿ ಯಂತ್ರ ಹಿಡಿದು ಮನಬಂದಂತೆ ಅಗೆಯುವುದು ಕಾಯಿದೆಗೆ ವಿರುದ್ಧ. ಗುಡ್ಡದ ಮೇಲಿನ ಹುಲ್ಲು, ಗಿಡಮೂಲಿಕೆ, ತೋಳ, ನವಿಲುಗಳ ಜೊತೆಗೆ ಸುತ್ತಲಿನ ಹಳ್ಳಿಗಳ ಬಾವಿಗಳಿಗೆ ಇಳಿಯುವ ನೀರೂ ಆ ಗಡಿಯೊಳಗೆ ಸೇರಿದೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಹಳ್ಳಕ್ಕೆ ನೀರಿಲ್ಲದಿದ್ದರೆ ಬಂಗಾರ ತೊಳೆಯುವುದು ಹಾಗಿರಲಿ, ದನಗಳ ಮೈ ತೊಳೆಯುವುದೂ ಆಗದು.

ಕಡಲ ಯಂತ್ರದ ಮೇಲಿನ ಆಸೆಯೂ ಸಂದೇಹವೂ ಹೀಗೆ ಎರಡೂ ನ್ಯಾಯವಾದವೇ. ದಂಡೆಯ ಉಂಗುರಕ್ಕೆ ಅದು ಸರಿ. ಪುರಾತತ್ವಜ್ಞನ ಕೈಯಲ್ಲಿ, ಕ್ರಮವಾಗಿ ಅಗೆಯುವ ಹೊಲದಲ್ಲಿ, ಅದು ಸರಿ. ಡೋಣಿಯ ಕಪ್ಪು ಮರಳಿನಲ್ಲಿ ಅದು ಕಿವುಡು. ಪುಲಿಗೆರೆಯ ಗುಡಿಯಂಗಳದಲ್ಲಿ ರಾತ್ರಿಯ ಹೊತ್ತು ಅದು ಶತ್ರು.

ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಕೈಮುಗಿದು ಸಂಜೆಯ ಬಸ್ಸಿನಲ್ಲಿ ಗದಗಿಗೆ ಮರಳುವ ಪ್ರವಾಸಿಗೆ ಸೊರಟೂರಿನ ಹಳ್ಳ ದಾರಿಯಲ್ಲಿ ಸಿಕ್ಕುತ್ತದೆ. ಮಳೆಯ ನೀರು ಇಳಿದಿದೆ. ತಿರುವಿನಲ್ಲಿ ಕಪ್ಪು ಮರಳಿನ ಗೆರೆಯೊಂದು ಹೊಸದಾಗಿ ಎದ್ದಿದೆ. ಮರಿಗೆ ಹಿಡಿದು ಅದರ ಮುಂದೆ ಕುಕ್ಕುರುಗಾಲಿನಲ್ಲಿ ಕೂಡುವವರು ಈಗ ಕಾಣಸಿಗುವುದಿಲ್ಲ. ಮರಳಿನ ಗೆರೆ ಮಾತ್ರ ಪ್ರತಿ ಮಳೆಗಾಲದಲ್ಲಿಯೂ ಅದೇ ತಿರುವಿಗೆ ಬಂದು ನಿಲ್ಲುತ್ತದೆ. ಹಳ್ಳಕ್ಕೆ ಇಳಿದ ಹುಡುಗರು ಅದರ ಮೇಲೆ ಕಾಲೂರಿ ದಾಟಿ, ಹೊಲದ ದಾರಿ ಹಿಡಿದು ಮನೆಯ ಕಡೆಗೆ ಹೋಗುತ್ತಾರೆ.